ಕೊಂಬಿಲ್ಲದ ಆನೆಯ ಫೋಟೊ

ಬಣಕಲ್
20 ನವೆಂಬರ್ 2024

ಅಣ್ಣನಿಗೆ,

ನಾವಿಲ್ಲಿ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ನನ್ನ ಫೋನ್ ನೀನು ಎತ್ತುವುದಿಲ್ಲ. ಮೆಸೇಜು ನೋಡಿ ಸುಮ್ಮನಿರುತ್ತೀಯ. ಕಾಗದವನ್ನಾದರೂ ಒಡೆದು ಓದುತ್ತೀಯ ಎಂದು ಬರೆಯುತ್ತಿದ್ದೇನೆ.

ಅಪ್ಪನ ಕಾರ್ಯಗಳೆಲ್ಲ ಮುಗಿದವು. ನೀನು ಬರಲಿಲ್ಲ. ಅದನ್ನು ಕೇಳಲು ಬರೆದ ಕಾಗದ ಅಲ್ಲ ಇದು. ನನಗೊಂದು ಕ್ಯಾಮೆರಾ ಬೇಕು. ಚಿಕ್ಕದಾಗಿರಬೇಕು, ಸದ್ದು ಮಾಡಬಾರದು, ಮಸುಕು ಬೆಳಕಿನಲ್ಲೂ ಸರಿಯಾಗಿ ತೆಗೆಯಬೇಕು. ಯಾವುದು ಎಂದು ಹೇಳುವವನು ನೀನೊಬ್ಬನೇ.

ಆ ದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಆಳುಗಳಿಗೆ ಕೆಲಸ ಹಂಚಲು ಎಸ್ಟೇಟಿಗೆ ಹೊರಟಿದ್ದರು. ಮಫ್ಲರ್ ಬಿಟ್ಟುಹೋಗಿದ್ದರೆಂದು ನಾನು ಹಿಂದೆಯೇ ಓಡಿದೆ. ಕೆರೆಯ ತಿರುವಿನಲ್ಲಿ ಆನೆ ನಿಂತಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ, ಕೂಗಲೂ ಇಲ್ಲ. ನಾನು ಎಲ್ಲವನ್ನೂ ನೋಡಿದೆ ಅಣ್ಣ. ಅದಕ್ಕೆ ಕೊಂಬಿರಲಿಲ್ಲ.

ಆದರೆ ಊರೆಲ್ಲ ಉದ್ದಕೊಂಬನ ಹೆಸರು ಹೇಳುತ್ತಿದೆ. ಉದ್ದ ಕೊಂಬಿನ ಆ ಸಲಗ ನಿನಗೂ ಗೊತ್ತು. ತಿನ್ನಲು ಬಗನೆ ಮರ ಬೀಳಿಸುತ್ತದೆ, ಗೇಟು ಮುರಿಯುತ್ತದೆ, ಮನುಷ್ಯರನ್ನು ಕಂಡರೆ ಪಕ್ಕಕ್ಕೆ ಸರಿದು ಹೋಗುತ್ತದೆ. ಅದನ್ನು ಹಿಡಿಯಲು ಅಪ್ಪಣೆ ಬರುತ್ತದಂತೆ. ನಾನು ರೇಂಜರ್ ಹತ್ತಿರ ಹೋಗಿ ಹೇಳಿದೆ. "ಗಾಬ್ರಿಲಿ ಏನೋ ಕಂಡಿರುತ್ತೆ ಕಣಮ್ಮ. ಕೊಂಬಿಲ್ಲ ಅಂದ್ರೆ ಹೆಣ್ಣಾನೆ. ಒಂಟಿ ಹೆಣ್ಣಾನೆ ಈ ಕಡೆ ಎಲ್ಲಿದೆ?" ಎಂದರು. ಗಂಡಾನೆಗಳಲ್ಲೂ ಕೊಂಬಿಲ್ಲದವು ಇರುತ್ತವೆ, ಮಕ್ನ ಎನ್ನುತ್ತಾರೆ ಎಂದು ಅವರೇ ಆಮೇಲೆ ಹೇಳಿದರು. ಆದರೆ ಅಂಥದ್ದು ಇಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲವಂತೆ.

ಅಪ್ಪ ಪ್ರವಾಸಕ್ಕೆ ಒಯ್ಯುತ್ತಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ ಇದೆಯಲ್ಲ, ಅದನ್ನು ಹಿಡಿದು ನಾನು ಕಾದೆ. ಅದೇ ಆನೆ ಮತ್ತೆ ಬಂತು. ತೆಗೆದೆ. ರೇಂಜರ್ ಫೋಟೊ ನೋಡಿ, "ಇದು ಆನೆನೋ ಬಂಡೆನೋ?" ಎಂದರು. ನನ್ನ ಫೋನಿನಲ್ಲಿ ತೆಗೆದದ್ದು ಇನ್ನೂ ಕಡೆ.

ಉದ್ದಕೊಂಬನನ್ನು ಹಿಡಿದರೆ ಎಲ್ಲರೂ ಕಂಟಕ ಕಳೆಯಿತೆಂದು ನಿರಾಳವಾಗುತ್ತಾರೆ. ಕಾಫಿ ಕುಯ್ಲು ಶುರುವಾಗಿದೆ. ಆಳುಗಳ ಲೈನ್ ಮನೆಯ ಹೆಂಗಸರು ಮಂಜಿನಲ್ಲೇ ತೋಟಕ್ಕೆ ಇಳಿಯುತ್ತಾರೆ. ಮುಂದಿನದ್ದನ್ನು ನಾನು ಬರೆಯಬೇಕೇ?

ನಿನ್ನ ತಂಗಿ,
ಪಂಚಮಿ

*

ಹುಬ್ಬಳ್ಳಿ
28 ನವೆಂಬರ್ 2024

ಪಂಚಮಿ,

ಕಾಗದ ತಲುಪಿತು. ಕ್ಯಾಮೆರಾ ಯಾವುದೆಂದು ನಾನು ಹೇಳುವುದಿಲ್ಲ. ಮದುವೆ ಮನೆಗಳಲ್ಲಿ ಫೋಟೊ ತೆಗೆದು ಬದುಕುವವನು ನಾನು. ತಂಗಿ ಆನೆಯ ಮುಂದೆ ಹೋಗಿ ನಿಲ್ಲಲಿ ಎಂದು ಸಾಮಾನು ಆರಿಸಿಕೊಡುವುದಕ್ಕೆ ನನ್ನಿಂದಾಗದು.

ಬರಲಿಲ್ಲ ಎಂದು ಬರೆದಿದ್ದೀಯ. ನಿಖತ್‌ಳನ್ನು ಮದುವೆಯಾದ ದಿನ ಅಪ್ಪ ಏನು ಹೇಳಿದರು ಎಂಬುದಕ್ಕೆ ನೀನೇ ಸಾಕ್ಷಿ. ಈ ಹೊಸ್ತಿಲು ಇನ್ನು ನಿನಗಿಲ್ಲ ಎಂದರು. ಹೇಳಿದವರು ಇಲ್ಲ ಎಂದ ಮಾತ್ರಕ್ಕೆ ಆ ಮಾತು ಇಲ್ಲವಾಗುತ್ತದೆಯೇ? ನನಗೆ ಗೊತ್ತಾಗುತ್ತಿಲ್ಲ.

ಅಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಂದುಬಿಡು. ಮನೆ ಚಿಕ್ಕದು, ಆದರೂ ಸಾಲುತ್ತದೆ. ತೋಟಕ್ಕೆ ಇಳಿಯಬೇಡ. ಇಳಿಯಬೇಡ ಎಂದರೆ ಇಳಿಯಬೇಡ.

ದರ್ಶನ್

*

ಬಣಕಲ್
4 ಡಿಸೆಂಬರ್ 2024

ಅಣ್ಣನಿಗೆ,

ಅಪ್ಪಣೆ ಬಂದಿದೆ. ಸಾಕಾನೆಗಳು ಲಾರಿಯಲ್ಲಿ ಬಂದು ಕ್ಯಾಂಪಿನಲ್ಲಿ ಇಳಿದಿವೆ. ಜನ ಜಾತ್ರೆಗೆ ಹೋದಂತೆ ಮಕ್ಕಳನ್ನು ಕಟ್ಟಿಕೊಂಡು ನೋಡಲು ಹೋಗುತ್ತಿದ್ದಾರೆ.

ಮೊನ್ನೆ ನಾನು ಮತ್ತೆ ಆ ಹಳೆಯ ಕ್ಯಾಮೆರಾ ಹಿಡಿದು ಹೋದೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕಾಫಿ ಗಿಡಗಳ ಆಚೆ ಅದು ಬೆನ್ನು ಹಾಕಿ ನಿಂತಿತ್ತು. ಮುಖ ತಿರುಗಿಸಲಿ ಎಂದು ಕಾದೆ. ತಿರುಗಿಸಿದಾಗ ಗುಂಡಿ ಒತ್ತಿದೆ. ಆ ಕ್ಯಾಮೆರಾ ನಿನಗೆ ಗೊತ್ತಲ್ಲ, ಒತ್ತಿದ ಮೇಲೆ ಅದು ಸ್ವಲ್ಪ ಹೊತ್ತು ಯೋಚಿಸುತ್ತದೆ. ಯೋಚಿಸಿ, ಬೆಳಕು ಸಾಲದು ಎಂದು ತಾನೇ ಫ್ಲಾಶ್ ಹೊಡೆಯಿತು.

ಹೇಗೆ ಓಡಿದೆನೋ ತಿಳಿಯದು. ಲೈನ್ ಮನೆಯ ಮರಿಯಮ್ಮ ಕೈ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. "ನಿಮ್ಮಪ್ಪನ ಹಿಂದೇನೇ ಹೋಗ್ಬೇಕು ಅಂತ ಮಾಡಿದೀಯೇನೆ ಮಾರಾಯ್ತಿ?" ಎಂದು ಬೈದಳು. ಬೈಯುತ್ತಲೇ ಅತ್ತಳು. ಅಮ್ಮನಿಗೆ ಹೇಳಿಲ್ಲ. ಅಮ್ಮ ಈಗೀಗ ಯಾರ ಜೊತೆಗೂ ಮಾತೇ ಆಡುವುದಿಲ್ಲ.

ಆ ಫೋಟೊವನ್ನೂ ಇದರ ಜೊತೆ ಇಟ್ಟಿದ್ದೇನೆ. ಮಂಜಿಗೆ ಫ್ಲಾಶ್ ಬಡಿದು ಎಲ್ಲವೂ ಬೆಳ್ಳಗೆ.

ಮೂಡಿಗೆರೆಯ ಸ್ಟುಡಿಯೋದ ಸಫ್ದರ್ ಹತ್ತಿರವೂ ಕೇಳಿದೆ. ಅವನು ತೋರಿಸಿದ್ದು ಮದುವೆಗೆ ಬಾಡಿಗೆ ಕೊಡುವ ದೊಡ್ಡ ಕ್ಯಾಮೆರಾ. ಉದ್ದ ಲೆನ್ಸು ಹಾಕಿದರೆ ಕೊಡಪಾನದಷ್ಟು ಭಾರ. ಒತ್ತಿದರೆ ಟಪ್ ಎಂದು ಗುಡ್ಡಕ್ಕೆಲ್ಲ ಕೇಳುತ್ತದೆ. "ಕನ್ನಡಿ ಇಲ್ದಿರೋ ಚಿಕ್ಕವು ಬಂದಿದಾವೆ, ಮಿರರ್‌ಲೆಸ್ ಅಂತ. ನಮ್ಮಲ್ಲಿಲ್ಲ. ನಿಮ್ಮಣ್ಣನ್ನೇ ಕೇಳು" ಎಂದ.

ನೀನು ಹೇಳದಿದ್ದರೆ ಇದೇ ಕ್ಯಾಮೆರಾದಲ್ಲಿ ಮತ್ತೆ ಹೋಗುತ್ತೇನೆ. ಹೆದರಿಸಲು ಬರೆದದ್ದಲ್ಲ. ಬೇರೆ ದಾರಿಯಿಲ್ಲ.

ಪಂಚಮಿ

*

ಹುಬ್ಬಳ್ಳಿ
9 ಡಿಸೆಂಬರ್ 2024

ಪ್ರೀತಿಯ ಪಂಚಮಿ,

ನಾನು ನಿಖತ್. ನಿನಗೆ ಕಾಗದ ಬರೆಯುವ ಹಕ್ಕು ನನಗಿದೆಯೋ ಇಲ್ಲವೋ, ಬರೆಯುತ್ತಿದ್ದೇನೆ.

ನಿನ್ನ ಅಣ್ಣ ಕಾಗದ ಓದಿ ಹಿತ್ತಿಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ಆ ಬಿಳಿಯ ಫೋಟೊವನ್ನು ಈಗಲೂ ಕಂಪ್ಯೂಟರಿನ ಪಕ್ಕ ಒರಗಿಸಿ ಇಟ್ಟಿದ್ದಾರೆ. ಅವರು ಬರೆಯುವುದಿಲ್ಲ. ನೀನು ನಿಲ್ಲುವುದಿಲ್ಲ. ಹಾಗಿರುವಾಗ ಆ ಹಳೆಯದನ್ನು ಹಿಡಿದು ನೀನು ಹೋಗದಿರುವಂತೆ ಮಾಡುವುದೊಂದೇ ನನ್ನ ಕೈಲಿರುವುದು. ಸ್ಟುಡಿಯೋದಲ್ಲಿ ಹುಟ್ಟಿ ಬೆಳೆದವಳು ನಾನು, ಇಷ್ಟು ಹೇಳಬಲ್ಲೆ.

ನಿನ್ನ ಹಳೆಯ ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಕಿರುಬೆರಳಿನ ಉಗುರಿಗಿಂತಲೂ ಸಣ್ಣದು. ಮುಂಜಾನೆಯ ಬೆಳಕಿಗೆ ಅದು ಸಾಲುವುದಿಲ್ಲ. ಮಿರರ್‌ಲೆಸ್‌ನಲ್ಲಿ ಅದು ಎಷ್ಟೋ ದೊಡ್ಡದು. ಒಳಗೆ ಎದ್ದು ಬೀಳುವ ಕನ್ನಡಿ ಇಲ್ಲವಾದ್ದರಿಂದ ಮೈ ಚಿಕ್ಕದು. ಸದ್ದನ್ನು ಪೂರ್ತಿ ಆರಿಸಿಬಿಡಬಹುದು. ಫ್ಲಾಶ್ ನೀನು ಹೇಳದೆ ಹೊಡೆಯದು.

ಎರಡನ್ನು ನೋಡಿಟ್ಟಿದ್ದೇನೆ. ಒಂದು ಜರ್ಕಿನ್ ಜೇಬಿನಲ್ಲಿ ಹಿಡಿಯುವಷ್ಟು ಪುಟ್ಟದು. ಆದರೆ ಅದಕ್ಕೆ ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಹಿಂದಿನ ಪರದೆಯನ್ನೇ ನೋಡಬೇಕು. ಇನ್ನೊಂದು ಸ್ವಲ್ಪ ದಪ್ಪ, ಕಿಂಡಿ ಇದೆ. ಕೈ ನಡುಗಿದರೆ ಒಂದಿಷ್ಟು ತಡೆದುಕೊಳ್ಳುತ್ತದೆ ಕೂಡ. ಲೆನ್ಸ್‌ನಲ್ಲೂ ಎರಡು ದಾರಿ. ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಬೆಳಕು ಕಡಿಮೆ ಕುಡಿಯುತ್ತದೆ. ಬೆಳಕು ಚೆನ್ನಾಗಿ ಕುಡಿಯುವ ಇನ್ನೊಂದು ದೂರದ್ದನ್ನು ಎಳೆಯುವುದಿಲ್ಲ.

ಯಾವುದು ಬೇಕು ಬರೆ. ದುಡ್ಡಿನ ಮಾತು ಎತ್ತಬೇಡ.

ನಿಖತ್

*

ಬಣಕಲ್
14 ಡಿಸೆಂಬರ್ 2024

ನಿಖತ್ ಅವರಿಗೆ,

ನಿಮ್ಮ ಕಾಗದ ಸಿಕ್ಕಿತು. ಕ್ಯಾಮೆರಾದ ಬಗ್ಗೆ ಮಾತ್ರ ಬರೆಯುತ್ತೇನೆ.

ಕಿಂಡಿ ಇರುವುದೇ ಬೇಕು. ಕತ್ತಲೆಯಲ್ಲಿ ಪರದೆ ಬೆಳಗಿದರೆ ನನ್ನ ಮುಖ ದೀಪ ಹಚ್ಚಿದಂತೆ ಕಾಣುತ್ತದೆ. ಲೆನ್ಸ್ ಬೆಳಕು ಕುಡಿಯುವುದೇ ಆಗಲಿ. ಬಿಸಿಲು ಬರುವ ಹೊತ್ತಿಗೆ ಆ ಆನೆ ಕಾಡು ಸೇರಿರುತ್ತದೆ. ದೂರದ್ದನ್ನು ಎಳೆಯದಿದ್ದರೆ ನಾನೇ ಸ್ವಲ್ಪ ಹತ್ತಿರ ಹೋಗುತ್ತೇನೆ.

ಬೇಗ ಕಳಿಸಿ. ಉದ್ದಕೊಂಬನ ಜಾಡು ಸಿಕ್ಕಿದೆಯಂತೆ.

ಪಂಚಮಿ

*

ಹುಬ್ಬಳ್ಳಿ
18 ಡಿಸೆಂಬರ್ 2024

ಪಂಚಮಿ,

ಕ್ಯಾಮೆರಾ ಬಸ್ಸಿನ ಪಾರ್ಸೆಲ್‌ನಲ್ಲಿ ಬರುತ್ತಿದೆ. ಮೂಡಿಗೆರೆಯಲ್ಲಿ ಸಫ್ದರ್ ಇಳಿಸಿಕೊಂಡು ನಿನಗೆ ಮುಟ್ಟಿಸುತ್ತಾನೆ. ನಿನಗೆ ಗೊತ್ತಿತ್ತೋ ಇಲ್ಲವೋ, ಅವನು ನನ್ನ ತಮ್ಮ.

ಕಿಂಡಿ ಇರುವುದನ್ನೇ ಕಳಿಸಿದ್ದೇನೆ. ಆದರೆ ಲೆನ್ಸ್ ಮಾತ್ರ ನೀನು ಕೇಳಿದ್ದಲ್ಲ, ಜೂಮ್. ನೀನು ಆನೆಯ ಹತ್ತಿರ ಹೋಗಬೇಕಾಗುವ ಲೆನ್ಸನ್ನು ನನ್ನ ಕೈಯಿಂದ ಕಳಿಸಲಾರೆ. ಬೆಳಕು ಸಾಲದಿದ್ದರೆ ಐಎಸ್‌ಒ ಎಂಬ ಅಂಕಿ ಏರಿಸು. ಚಿತ್ರದ ತುಂಬ ರವೆ ಚೆಲ್ಲಿದಂತೆ ಚುಕ್ಕೆ ಬರುತ್ತದೆ, ಬರಲಿ. ನಮಗೆ ಬೇಕಿರುವುದು ಚಂದದ ಫೋಟೊ ಅಲ್ಲ, ಆನೆಯ ಮುಖ. ನೆಲದ ಮೇಲೆ ನಿಲ್ಲಬೇಡ, ಎತ್ತರದ ಜಾಗ ನೋಡಿಕೋ. ಒಬ್ಬಳೇ ಹೋಗಬೇಡ.

ನಿಖತ್

ಬೀಪ್ ಸದ್ದು ಆರಿಸಿದ್ದೇನೆ. ಗುರಿ ಹಿಡಿಯುವಾಗ ಮುಂದೆ ಹೊತ್ತುವ ಕೆಂಪು ದೀಪವನ್ನೂ ಆರಿಸಿದ್ದೇನೆ. ಎರಡು ಬ್ಯಾಟರಿ ತುಂಬಿಸಿಟ್ಟಿದ್ದೇನೆ. ಚಳಿಗೆ ಬೇಗ ಇಳಿಯುತ್ತವೆ, ಒಂದನ್ನು ಮೈಗೆ ತಾಗಿಸಿಕೊಂಡಿರು. — ದರ್ಶನ್

*

ಬಣಕಲ್
27 ಡಿಸೆಂಬರ್ 2024

ಅತ್ತಿಗೆ,

ಹಾಗೆ ಕರೆಯಬಹುದಲ್ಲವೇ?

ಕ್ಯಾಮೆರಾ ಬಂದಿತು. ಅದು ಬಂದ ಮರುದಿನವೇ ಉದ್ದಕೊಂಬನನ್ನು ಹಿಡಿದರು.

ನಾನು ಅಲ್ಲಿದ್ದೆ. ಅರಿವಳಿಕೆ ಸೂಜಿ ತಾಗಿದ ಮೇಲೂ ಅದು ಓಡಲಿಲ್ಲ. ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಸಾಕಾನೆಗಳು ಎರಡೂ ಬದಿಯಿಂದ ಒತ್ತಿ ಹಿಡಿದವು. ಹಗ್ಗ ಬಿಗಿದು, ಕ್ರೇನಿನಿಂದ ಎತ್ತಿ ಲಾರಿಗೆ ಹಾಕಿದರು. ಜನ ಪಟಾಕಿ ಹೊಡೆದರು. ರೇಂಜರ್ ನನ್ನನ್ನು ಕಂಡು, "ನಿಮ್ ತಂದೆಯೋರ ಆತ್ಮಕ್ಕೆ ಶಾಂತಿ ಸಿಕ್ತು ಅಂದ್ಕೊಳ್ಳಮ್ಮ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಫೋಟೊ ತೆಗೆಯುತ್ತಾ ಹೋದೆ. ಕಿಂಡಿಯಲ್ಲಿ ಅದರ ಕಣ್ಣು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಕ್ಯಾಮೆರಾ ಕೆಳಗಿಳಿಸಬೇಕಾಯಿತು. ತಡವಾಯಿತು ಅತ್ತಿಗೆ. ಅಣ್ಣ ಮೊದಲ ಕಾಗದಕ್ಕೇ ಹೇಳಿದ್ದರೆ ಎಂದು ಅನ್ನಿಸುತ್ತದೆ. ಅನ್ನಿಸಬಾರದು ಎಂದುಕೊಳ್ಳುತ್ತೇನೆ.

ಈಗ ಎಲ್ಲರೂ ನಿಶ್ಚಿಂತೆಯಿಂದಿದ್ದಾರೆ. ಮಂಜು ಕರಗುವ ಮೊದಲೇ ಕುಯ್ಲಿಗೆ ಇಳಿಯುತ್ತಾರೆ. ಮರಿಯಮ್ಮನಿಗೆ ಹೋಗಬೇಡ ಎಂದೆ. "ಹಿಡ್ಕೊಂಡು ಹೋದ್ರಲ್ಲ, ಇನ್ನೇನು? ಸುಮ್ನೆ ಕೂತ್ರೆ ತೋಟದ ಸಾಹುಕಾರ್ರು ಸುಮ್ನಿರ್ತಾರಾ?" ಎಂದಳು. ನಾನು ಮತ್ತೆ ಮತ್ತೆ ಹೇಳಿದರೆ ಜನ ನನ್ನ ಮುಖವನ್ನು ಕರುಣೆಯಿಂದ ನೋಡುತ್ತಾರೆ. ಅಪ್ಪ ಸತ್ತದ್ದು ತಲೆಗೆ ಹತ್ತಿದೆ ಎಂದುಕೊಂಡಿದ್ದಾರೆ. ಒಮ್ಮೊಮ್ಮೆ ನನಗೂ ಭಯವಾಗುತ್ತದೆ. ನಾನು ನೋಡಿದ್ದು ನಿಜವೇ? ರಾತ್ರಿ ಎಷ್ಟೋ ಸಲ ಆ ತಿರುವನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಪ್ರತಿ ಸಲವೂ ಕೊಂಬಿಲ್ಲ.

ಕೈ ಪಳಗಲೆಂದು ಅಡುಗೆಮನೆಯ ಮಬ್ಬಿನಲ್ಲಿ ಅಮ್ಮನ ಫೋಟೊ ತೆಗೆದೆ. ತೋರಿಸಿದೆ. "ಇಷ್ಟು ಮುದ್ಕಿ ಆಗ್ಬಿಟ್ನಾ ನಾನು?" ಎಂದರು. ಅಷ್ಟು ದಿನಗಳಲ್ಲಿ ಅಮ್ಮ ಆಡಿದ ಮೊದಲ ಮಾತು ಅದು. ಕ್ಯಾಮೆರಾ ಯಾರದೆಂದು ಕೇಳಿದರು. ನಿಮ್ಮ ಹೆಸರು ಹೇಳಿದೆ. ಆಮೇಲೆ ಒಲೆಯ ಕಡೆ ತಿರುಗಿಕೊಂಡು, "ಅವ್ನು ಹೊತ್ತಿಗೆ ಸರಿಯಾಗಿ ಊಟ ಮಾಡ್ತಾನಂತಾ?" ಎಂದು ಕೇಳಿದರು.

ಏನು ಹೇಳಲಿ?

ಪಂಚಮಿ

*

ಬಣಕಲ್
8 ಜನವರಿ 2025

ಅತ್ತಿಗೆ,

ಸಿಕ್ಕಿತು.

ಕೆರೆಯ ಪಂಪ್‌ಹೌಸಿನ ತಾರಸಿಯ ಮೇಲೆ ಕಾಯುತ್ತಿದ್ದೆ. ಬೈದುಕೊಂಡಾದರೂ ಮರಿಯಮ್ಮ ಜೊತೆಗೆ ಬಂದಿದ್ದಳು. ಎಷ್ಟೋ ಬೆಳಗುಗಳು ಬರೀ ಮಂಜು ನೋಡಿ ವಾಪಸಾಗಿದ್ದೆವು. ನಿನ್ನೆ ಅದು ನೀರಿಗೆ ಬಂತು. ಬರಿಗಣ್ಣಿಗೆ ಕಂಡದ್ದು ಕಪ್ಪು ರಾಶಿ ಅಷ್ಟೇ. ಕಿಂಡಿಗೆ ಕಣ್ಣಿಟ್ಟರೆ ಒಳಗೆ ಬೆಳಕಾಗಿತ್ತು. ಒತ್ತಿದೆ. ಸದ್ದೇ ಇಲ್ಲ. ಒತ್ತುತ್ತಲೇ ಇದ್ದೆ. ಅದು ನೀರು ಕುಡಿದು, ತಲೆಯೆತ್ತಿ, ನಮ್ಮ ಕಡೆಗೇ ಮುಖ ಮಾಡಿ ನಿಂತು, ಹೊರಟುಹೋಯಿತು. ಮರಿಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕೆಳಗಿಳಿದ ಮೇಲೆ, "ನೀ ಹೇಳಿದ್ದು ಸುಳ್ಳಲ್ಲ ಕಣೆ" ಎಂದಳು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಚಿತ್ರದ ತುಂಬ ನೀವು ಹೇಳಿದ ರವೆ. ಆದರೆ ಎಲ್ಲ ಕಾಣುತ್ತದೆ. ರೇಂಜರ್ ದೊಡ್ಡದು ಮಾಡಿ ಮಾಡಿ ನೋಡಿದರು. ಸೊಂಡಿಲಿನ ಬುಡ ಉಬ್ಬಿದೆ. ಕಣ್ಣಿನ ಪಕ್ಕ ಮದ ಸುರಿದ ಕಪ್ಪು ಗೆರೆಯಿದೆ. ಕೊನೆಗೆ, "ಗಂಡೇ" ಎಂದರು. ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ಅಪ್ಪಣೆ ಇದ್ದಿದ್ದು ಒಂದಕ್ಕೆ. ಇದನ್ನ ಹಿಡಿಯೋಕೆ ಮತ್ತೆ ಮೇಲಿಂದ ಬರ್ಬೇಕು. ಇವತ್ತೇ ಬರಿತೀನಿ. ಅಲ್ಲೀವರ್ಗೂ ಜನ ಹುಷಾರಾಗಿರ್ಲಿ" ಎಂದರು. ಉದ್ದಕೊಂಬನ ವಿಷಯ ಕೇಳಿದೆ. ಮೇಜಿಗೆ ಬಂದು ಪತ್ರ ಬರೆಯಲು ಕುಳಿತರು.

ಜನಕ್ಕೆ ಗೊತ್ತಾಗದೆ ಹುಷಾರಾಗುವುದು ಹೇಗೆ? ಸಫ್ದರ್ ಆ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟ. ಇಬ್ಬರೂ ಸೇರಿ ಬಸ್‌ಸ್ಟಾಂಡಿನಲ್ಲಿ, ಕಾಫಿ ಕಣದಲ್ಲಿ, ಲೈನ್ ಮನೆಗಳ ಗೋಡೆಗೆ ಅಂಟಿಸಿದೆವು. ಇವತ್ತು ಅರ್ಧದಷ್ಟು ಹೆಂಗಸರು ಬಿಸಿಲು ಏರುವ ತನಕ ತೋಟಕ್ಕೆ ಇಳಿಯಲಿಲ್ಲ. ಸಂಜೆಯೊಳಗೆ ಸಾಹುಕಾರರು ಮೇಸ್ತ್ರಿಯನ್ನು ಕಳಿಸಿ ಲೈನ್ ಮನೆಯ ಫೋಟೊಗಳನ್ನೆಲ್ಲ ಕೀಳಿಸಿದರು. ಹಣ್ಣು ಗಿಡದಲ್ಲೇ ಒಣಗುತ್ತಿದೆಯಂತೆ. "ನಾಳೆ ಬೆಳಿಗ್ಗೆ ಬರ್ದೇ ಇದ್ದೋರು ಲೈನ್ ಮನೆ ಖಾಲಿ ಮಾಡ್ಲಿ ಅಂದಿದಾರೆ" ಎಂದು ಮೇಸ್ತ್ರಿ ಹೇಳಿ ಹೋದ.

ನಾಳೆ ನಾನು ತಾರಸಿಯ ಮೇಲೆ ಇರುತ್ತೇನೆ. ಅವರು ಇಳಿಯುವ ದಾರಿ ಅಲ್ಲಿಂದ ಕಾಣುತ್ತದೆ. ಅಣ್ಣನಿಗೆ ಇದನ್ನು ಓದಿಸಬೇಡಿ.

ಪಂಚಮಿ

*

ಹಾಸನ
19 ಜನವರಿ 2025

ನಿಖತ್‌ಗೆ,

ನಾನು ದರ್ಶನ್‌ನ ತಾಯಿ. ನಿನ್ನ ಮುಖವನ್ನು ನಾನು ನೋಡಿಲ್ಲ. ಪಂಚಮಿ ಬರೆದ ಕಾಗದಗಳಿಂದ ನಿನಗೆ ನಮ್ಮ ಮನೆಯ ಸುದ್ದಿಯೆಲ್ಲ ತಿಳಿದಿದೆ. ನಡೆದದ್ದನ್ನು ನಿನ್ನ ತಮ್ಮ ಫೋನಿನಲ್ಲಿ ಹೇಳಿರುತ್ತಾನೆ. ಆದರೂ ಬರೆಯುತ್ತೇನೆ. ಅವಳಿಗೆ ಬರೆಯಲು ಇನ್ನೂ ಆಗುವುದಿಲ್ಲ.

ಆ ಬೆಳಿಗ್ಗೆ ಹೆಂಗಸರು ಹೆದರಿಕೊಂಡೇ ಕುಯ್ಲಿಗೆ ಹೊರಟರು. ಮಂಜು ದಟ್ಟವಾಗಿತ್ತು. ಇವಳು ತಾರಸಿಯಿಂದ ಕ್ಯಾಮೆರಾದಲ್ಲಿ ದಾರಿ ನೋಡುತ್ತಿದ್ದಳಂತೆ. ತಿರುವಿನ ಆಚೆ ಆ ಆನೆ ಅಲ್ಲಾಡದೆ ನಿಂತಿದ್ದುದು ಇವಳಿಗೆ ಕಂಡಿತು. ಹೆಂಗಸರಿಗೆ ಕಾಣಲಿಲ್ಲ. ಕೂಗಿದರೆ ಅವರಿಗೆ ಕೇಳಲಿಲ್ಲ. ಇಳಿದು ಓಡಿದಳು. ಅವರನ್ನು ಹಿಂದಕ್ಕೆ ಓಡಿಸಿದಳು. ಅದು ಇವಳ ಮೇಲೆ ತಿರುಗಿತು.

ಮಳೆನೀರು ಇಂಗಲೆಂದು ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆದಿರುತ್ತಾರಲ್ಲ, ಅದರೊಳಗೆ ಬಿದ್ದಳು. ಬಿದ್ದದ್ದೇ ಒಳ್ಳೆಯದಾಯಿತು ಎನ್ನುತ್ತಾರೆ ಡಾಕ್ಟರು. ಎಡಗಾಲು ಮಾತ್ರ ಹೊರಗಿತ್ತು.

ಓಡಿಹೋದ ಹೆಂಗಸರು ವಾಪಸು ಬಂದರು, ಗೊತ್ತೇ? ಮರಿಯಮ್ಮ ಮೊದಲು ತಿರುಗಿದಳಂತೆ. ಬುತ್ತಿ ಡಬ್ಬಿ, ತಟ್ಟೆ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ, ಕಿರುಚುತ್ತಾ ಎಲ್ಲರೂ ಒಟ್ಟಾಗಿ ಬಂದರು. ಅದು ಬಿಟ್ಟು ಹೋಯಿತು. ಅವರೇ ಇವಳನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು. ಸಫ್ದರ್ ಕಾರಿನಲ್ಲಿ ಇಲ್ಲಿಗೆ, ಹಾಸನಕ್ಕೆ ಕರೆತಂದ. ಆ ದಿನದಿಂದ ಅವನು ಆಸ್ಪತ್ರೆಯಲ್ಲೇ ಇದ್ದಾನೆ. ನನಗೆ ಚಹಾ ತಂದು ಕೊಡುತ್ತಾನೆ. ಕುಡಿಯುವ ತನಕ ಎದುರಿಗೇ ನಿಲ್ಲುತ್ತಾನೆ.

ಜೀವಕ್ಕೆ ಭಯವಿಲ್ಲ ಎಂದಿದ್ದಾರೆ. ಕಾಲು ಮೊದಲಿನಂತೆ ಆಗುವುದಿಲ್ಲವಂತೆ. ರೇಂಜರ್ ಬಂದಿದ್ದರು. ಆ ಆನೆಯನ್ನು ಹಿಡಿಯಲು ಅಪ್ಪಣೆ ಬಂದಿದೆ ಎಂದರು. ಉದ್ದಕೊಂಬನನ್ನು ಆಗಲೇ ಪಳಗಿಸಲು ಶುರು ಮಾಡಿದ್ದಾರೆ, ಇನ್ನು ಕಾಡಿಗೆ ಬಿಡಲು ಬರುವುದಿಲ್ಲ ಎಂದೂ ಹೇಳಿದರು. ಪಂಚಮಿ ಅಷ್ಟನ್ನೂ ಕೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅಂದಿನಿಂದ ನನ್ನ ಹತ್ತಿರವೂ ಮಾತಿಲ್ಲ. ನನ್ನ ಗಂಡ ಹೋದಾಗ ನಾನು ಹೀಗೇ ಇದ್ದೆನಂತೆ. ಎದುರು ಕುಳಿತು ನೋಡುವವರಿಗೆ ಇದು ಎಷ್ಟು ಕಷ್ಟ ಎಂದು ಈಗ ಗೊತ್ತಾಗುತ್ತಿದೆ. ನಿದ್ದೆಯಲ್ಲಿ ಮಾತ್ರ ಕೂಗುತ್ತಾಳೆ. ಒಮ್ಮೆ ಅಪ್ಪ ಎನ್ನುತ್ತಾಳೆ. ಒಮ್ಮೆ ಅಣ್ಣ ಎನ್ನುತ್ತಾಳೆ. ನನ್ನೊಬ್ಬಳಿಂದ ಆಗುತ್ತಿಲ್ಲ ನಿಖತ್.

ದರ್ಶನ್‌ಗೆ ಹೊಸ್ತಿಲು ತುಳಿಯಬೇಡ ಎಂದದ್ದು ಅವನ ಅಪ್ಪ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿದ್ದೆ. ನಿನ್ನ ಅಭಿಪ್ರಾಯವೇನು ಎಂದು ಅವರೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಚೀಲ ಹಿಡಿದು ಹೊರಟುಬಿಟ್ಟ. ಕೇಳಿದ್ದರೆ ಹೇಳುತ್ತಿದ್ದೆ. ಈಗ ಯಾರೂ ಕೇಳದೆಯೇ ಹೇಳುತ್ತಿದ್ದೇನೆ.

ಬಾರಮ್ಮ. ಅವನು ಹಿಂದೆ ಮುಂದೆ ನೋಡಿದರೆ ನೀನೊಬ್ಬಳೇ ಬಾ.

ನಿನ್ನ ಅತ್ತೆ,
ಕಾತ್ಯಾಯಿನಿ